ಪದವಿಯ ಮೂರು ವರ್ಷ ಮತ್ತು ಮನೆಮಾತಿನ ಬಂಡವಾಳ

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲೇರಿದ ಮೊದಲ ತಲೆಮಾರಿನ ಮಕ್ಕಳು ಇಂದಿಗೂ ಇದ್ದಾರೆ. ಮಗ್ಗದ ಮನೆಯಿಂದಲೋ ರಾಗಿಯ ಹೊಲದಿಂದಲೋ ಬಂದ ಇವರಿಗೆ, ಪದವಿ ಕೈಸೇರಿದೊಡನೆ ಉದ್ಯೋಗವೂ ತಾನಾಗಿ ಒದಗೀತೆಂಬ ನಂಬಿಕೆಯನ್ನು ಹಿರಿಯರೇ ಬಿತ್ತಿರುತ್ತಾರೆ. ಕೊನೆಯ ಪರೀಕ್ಷೆ ಮುಗಿದ ಮೇಲೆಯೇ ಅರ್ಜಿ, ತರಬೇತಿ, ಪುಸ್ತಕಗಳ ವಿಚಾರಣೆ ಆರಂಭವಾಗುತ್ತದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂಬುದು ಇದಕ್ಕೇ. ಪದವಿಯ ನಂತರ ಎರಡು ವರ್ಷ ಮಕ್ಕಳನ್ನು ಕೂಡಿಸಿ ಓದಿಸಬಲ್ಲ ಮನೆಗಳು ವಿರಳ. ಹೆಣ್ಣುಮಕ್ಕಳಿಗಂತೂ ಆ ಅವಧಿ ಇನ್ನೂ ಕಿರಿದು. ಆದುದರಿಂದ ಸಿದ್ಧತೆ ನಡೆಯಬೇಕಾದುದು ಕಾಲೇಜಿನ ದಿನಗಳಲ್ಲಿಯೇ.

ತಮಿಳುನಾಡು ಲೋಕಸೇವಾ ಆಯೋಗದ ನಾಲ್ಕನೆಯ ಗುಂಪಿನ ಪರೀಕ್ಷೆಯನ್ನೇ ನೋಡಬಹುದು. ಒಟ್ಟು 300 ಅಂಕಗಳಲ್ಲಿ 150 ಅಂಕ ತಮಿಳು ಭಾಗಕ್ಕೆ ಮೀಸಲು. ಅದರಲ್ಲಿ ಶೇಕಡ 40, ಅಂದರೆ 60 ಅಂಕ ಬಾರದವರ ಉಳಿದ ಉತ್ತರಗಳು ಗಣನೆಗೇ ಬರುವುದಿಲ್ಲ. 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ಶಾಲೆ ಕಲಿತವರಿಗೆ ತಮಿಳು ಓದು ಬರೆಹ ಪರಿಚಿತವೇ ಆದರೂ, ಪರೀಕ್ಷೆ ಕೇಳುವುದು ವ್ಯಾಕರಣವನ್ನೂ ಸಾಹಿತ್ಯವನ್ನೂ. ದಿನಕ್ಕೆ ಅರ್ಧ ಗಂಟೆಯಂತೆ ಪ್ರಥಮ ವರ್ಷದಿಂದಲೇ ಶಾಲಾ ಪಠ್ಯಗಳನ್ನು ತಿರುವಿಹಾಕಿದವನಿಗೆ ಇದು ಭಾರವಾಗದು.

ಇನ್ನೊಂದು ಬಾಗಿಲು ಕನ್ನಡದ್ದು. ಸಾರ್ವಜನಿಕ ವಲಯದ ಬ್ಯಾಂಕುಗಳು ಗುಮಾಸ್ತರನ್ನು ಆರಿಸುವಾಗ, ಅಭ್ಯರ್ಥಿಯು ಕೋರಿದ ರಾಜ್ಯದ ಭಾಷೆಯನ್ನು ಓದಿ, ಬರೆದು, ಮಾತನಾಡಬಲ್ಲನೇ ಎಂದು ನೋಡುತ್ತವೆ. ಎರಡು ಭಾಷೆ ಬಲ್ಲವನು ತಮಿಳುನಾಡನ್ನಾದರೂ ಕರ್ನಾಟಕವನ್ನಾದರೂ ಆಯ್ದುಕೊಳ್ಳಬಹುದು. ರೈಲ್ವೆ ನೇಮಕಾತಿ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯಬಹುದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಲು ಅವಕಾಶವಿದೆ. ಆದರೆ ಇಲ್ಲಿನ ಎಷ್ಟೋ ಮಕ್ಕಳಿಗೆ ಮನೆಮಾತು ನಾಲಗೆಯ ಮೇಲಿದೆಯೇ ಹೊರತು ಬೆರಳ ತುದಿಗೆ ಇಳಿದಿಲ್ಲ. ಅಜ್ಜನ ಬಳಿ ಕುಳಿತು ಅಕ್ಷರ ತಿದ್ದಿದರೆ ಕೆಲವೇ ತಿಂಗಳಲ್ಲಿ ಲಿಪಿ ಒಲಿಯುತ್ತದೆ. ಕ್ರಮವಾಗಿ ಕಲಿಯಬಯಸುವವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳ ಮೆಟ್ಟಿಲುಗಳಿವೆ.

ಸರ್ಕಾರಿ ನೌಕರಿಯೊಂದೇ ಗುರಿಯಾಗಬೇಕಿಲ್ಲ. ಸೇಲಂನ ದೇವಾಂಗ ಮನೆಗಳ ಮಕ್ಕಳಿಗೆ ನೂಲು, ಬಣ್ಣ, ವಿನ್ಯಾಸಗಳ ಅರಿವು ಹುಟ್ಟಿನಿಂದಲೇ ಬಂದಿರುತ್ತದೆ. ಅದೇ ಊರಿನಲ್ಲಿ 1960ರಿಂದ ನಡೆಯುತ್ತಿರುವ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯು ಆ ಅರಿವಿಗೆ ಶಾಸ್ತ್ರದ ಆಧಾರ ಕೊಡುತ್ತದೆ. ವಾಣಿಜ್ಯ ಓದುತ್ತಿರುವ ನೇಕಾರನ ಮಗಳು ರಜೆಯಲ್ಲಿ ಮನೆಯ ಲೆಕ್ಕವನ್ನೇ ಗಣಕಯಂತ್ರಕ್ಕೆ ಏರಿಸಿ, ಸರಕು ಸೇವಾ ತೆರಿಗೆಯ ಪಟ್ಟಿ ಬರೆಯಲು ಕಲಿತರೆ, ಅದೂ ಅನುಭವವೇ. ಸಂದರ್ಶನದಲ್ಲಿ ಅದನ್ನು ಹೇಳಿಕೊಳ್ಳಲು ಸಂಕೋಚ ಸಲ್ಲದು.

ಕಾಲೇಜಿನ ಮೂರು ವರ್ಷಗಳನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ವರ್ಷ ಭಾಷೆ: ತಮಿಳು, ಕನ್ನಡ, ಇಂಗ್ಲಿಷ್. ಎರಡನೆಯ ವರ್ಷ ಒಂದು ಕೈಗೆಲಸದ ಕೌಶಲ. 2022ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ‘ನಾನ್ ಮುದಲ್ವನ್’ ಯೋಜನೆಯ ತರಬೇತಿಗಳನ್ನು ಹಾಜರಿಗಾಗಿ ಮಾತ್ರ ಮುಗಿಸದೆ ಮನಸ್ಸಿಟ್ಟು ಕಲಿಯುವುದು ಲೇಸು. ಮೂರನೆಯ ವರ್ಷ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸುವುದು. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ತೆರನಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು; ಕನ್ನಡದ ಹೆಸರು ತಮಿಳಿಗೂ ಇಂಗ್ಲಿಷಿಗೂ ಇಳಿಯುವಾಗ ರೂಪ ಬದಲಾಗುವುದುಂಟು.

ಹೆತ್ತವರ ಪಾಲೂ ಇದರಲ್ಲಿದೆ. ಶುಲ್ಕ ಕಟ್ಟಿದಲ್ಲಿಗೆ ಅವರ ಹೊಣೆ ತೀರುವುದಿಲ್ಲ. ಸಂಜೆ ಒಂದು ಗಂಟೆ ಮಗಳನ್ನು ಮನೆಗೆಲಸದಿಂದ, ಮಗನನ್ನು ಮಗ್ಗದಿಂದ ಬಿಡುಗಡೆ ಮಾಡುವುದೂ ವಿದ್ಯಾದಾನವೇ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದ ಹಿರಿಯರು ಅದರ ಅಕ್ಷರಗಳನ್ನೂ ಮಕ್ಕಳ ಕೈಗೆ ಒಪ್ಪಿಸಿದರೆ, ಆ ಭಾಷೆ ಅವರ ಅನ್ನಕ್ಕೂ ದಾರಿಯಾದೀತು.