ಒಂದೇ ಸೋಲಿಗೆ ಮುಗಿಯುವ ಆಟ

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ 16 ಆಟಗಾರರಲ್ಲಿ ನಾಲ್ವರು ಕೊಡಗಿನವರು: ಸುನಿಲ್‌, ರಘುನಾಥ್‌, ಉತ್ತಪ್ಪ ಮತ್ತು ನಿಕ್ಕಿನ್‌ ತಿಮ್ಮಯ್ಯ. ಆದರೆ ಟೋಕಿಯೊದಲ್ಲೂ, 2024ರಲ್ಲಿ ಪ್ಯಾರಿಸ್‌ನಲ್ಲೂ ಕಂಚು ಗೆದ್ದ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ.

ಇದಕ್ಕೆ ಆಸಕ್ತಿಯ ಕೊರತೆ ಕಾರಣವಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕುಟುಂಬ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳನ್ನು ಸೇರಿಸಿತು. ಆದರೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಎಳೆಯರನ್ನು ಪಳಗಿಸುವ ಋತುವಲ್ಲ.

ನೆರೆಯ ಹಾಸನ ಜಿಲ್ಲೆಯ ಸ್ಥಿತಿ ನೋಡಿ. ಅರಸೀಕೆರೆ, ಬೇಲೂರು, ಹಳೇಬೀಡಿನ ವಿದ್ಯಾರ್ಥಿಗಳಿಗೆ ಶಾಲಾ ಕ್ರೀಡಾಕೂಟವೇ ಮುಖ್ಯ ಮೆಟ್ಟಿಲು: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮೊದಲ ಪಂದ್ಯದಲ್ಲೇ ಸೋತ ತಂಡಕ್ಕೆ ಆ ವರ್ಷದ ಆಟ ಅಲ್ಲಿಗೇ ಮುಗಿಯುತ್ತದೆ. ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ವಾರವೇ ಇಲ್ಲ.

ಕೆನಡಾದ ಒಂಟಾರಿಯೊ ಕಿರಿಯರ ಐಸ್‌ ಹಾಕಿ ಲೀಗ್‌ನಲ್ಲಿ ಪ್ರತಿ ತಂಡ ಒಂದು ಋತುವಿನಲ್ಲಿ 68 ಪಂದ್ಯಗಳನ್ನು ಆಡುತ್ತದೆ. ಅಲ್ಲಿನ ಹಣವಾಗಲೀ ಹಿಮಾಂಗಣವಾಗಲೀ ನಮಗಿಲ್ಲ, ನಿಜ. ಆದರೆ ಆರು ಶಾಲೆಗಳು ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಿದರೂ ಪ್ರತಿ ತಂಡಕ್ಕೆ ಹತ್ತು ಪಂದ್ಯಗಳು ಸಿಗುತ್ತವೆ. ಬೇಲೂರಿಗೂ ಹಳೇಬೀಡಿಗೂ ಇರುವ ಅಂತರ ಸುಮಾರು 16 ಕಿ.ಮೀ. ಮಾತ್ರ. ಬೇಕಿರುವುದು ಬಸ್‌ ವೆಚ್ಚ, ದೈಹಿಕ ಶಿಕ್ಷಕರು ಮತ್ತು ಪರೀಕ್ಷೆಗೆ ಅಡ್ಡಿಯಾಗದ ವೇಳಾಪಟ್ಟಿ.

ಕೃತಕ ಹುಲ್ಲಿನ ಅಂಗಣ ಅನಿವಾರ್ಯ, ಆದರೆ ಅದು ನಂತರದ ಮಾತು. ಸೋತ ಹುಡುಗನಿಗೆ ಮತ್ತೊಂದು ಪಂದ್ಯ ಕೊಡುವುದು ಮೊದಲ ಕೆಲಸ.