ಪ್ರಶ್ನೆ ಕೇಳುವ ವಿದ್ಯೆ

ಎಂಟನೆಯ ತರಗತಿಯಿಂದಲೇ ನಮ್ಮ ಹೆಣ್ಣುಮಕ್ಕಳಿಗೆ ದತ್ತಾಂಶಕೋಶದ, ಎಂದರೆ ಡೇಟಾಬೇಸಿನ, ಮೊದಲ ಪಾಠಗಳನ್ನು ಕಲಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯವು. ಪದವಿಪೂರ್ವ ದ್ವಿತೀಯ ವರ್ಷದ ಗಣಕವಿಜ್ಞಾನದಲ್ಲಿ ಈ ವಿಷಯವು ಇದ್ದೇ ಇರುವಾಗ ಇಷ್ಟು ಆತುರವೇಕೆಂದು ಕೆಲವು ಪೋಷಕರು ನಮ್ಮನ್ನು ಕೇಳಿರುವರು. ಆ ತರಗತಿಯನ್ನು ಸಂತಪುರದ ಎಷ್ಟು ಹುಡುಗಿಯರು ಮುಟ್ಟುವರು, ಮುಟ್ಟಿದವರಲ್ಲಿ ಎಷ್ಟು ಮಂದಿ ಆ ವಿಷಯವನ್ನು ಆರಿಸಿಕೊಳ್ಳುವರು ಎಂಬುದನ್ನು ಅವರೇ ಎಣಿಸಿ ನೋಡಲಿ.

ಇದು ಪರಕೀಯ ವಿದ್ಯೆಯೆಂದು ಅಂಜಬೇಕಾದುದಿಲ್ಲ. ನಮ್ಮ ದಾಖಲಾತಿ ಪುಸ್ತಕವೇ ಒಂದು ಕೋಷ್ಟಕವು: ಸಾಲಿಗೊಬ್ಬ ಹುಡುಗಿ, ಕಾಲಮಿಗೊಂದು ಸಂಗತಿ. ಒಂದೇ ಹೆಸರಿನ ನಾಲ್ವರಿದ್ದರೂ ದಾಖಲಾತಿ ಸಂಖ್ಯೆಯು ಒಬ್ಬೊಬ್ಬರಿಗೆ ಬೇರೆ. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರನ್ನೂ ಊರನ್ನೂ ಮತ್ತೆ ಬರೆಯದೆ ಆ ಸಂಖ್ಯೆಯೊಂದನ್ನೇ ಬರೆದರೂ ಎರಡು ಪುಸ್ತಕಗಳನ್ನು ಕೂಡಿಸಿ ಓದಬಹುದು. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಪಂಡಿತರು 1970ರಲ್ಲಿ ಪ್ರಕಟಿಸಿದ ಲೇಖನವು ಇಂಥ ಕೋಷ್ಟಕಗಳನ್ನೇ ಆಧಾರವಾಗಿಟ್ಟುಕೊಂಡಿತು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್, ಬಾಯ್ಸ್ ಎಂಬಿಬ್ಬರು ಕೋಷ್ಟಕಗಳಿಗೆ ಪ್ರಶ್ನೆ ಕೇಳುವ ಭಾಷೆಯೊಂದನ್ನು ಮುಂದಿಟ್ಟರು. ಇಂದಿನ ಎಸ್‌ಕ್ಯೂಎಲ್ ಅದರಿಂದ ಬೆಳೆದುದು. ‘ಸೆಲೆಕ್ಟ್’ ಎಂದು ಬೇಕಾದ ಕಾಲಮನ್ನೂ, ‘ಫ್ರಮ್’ ಎಂದು ಕೋಷ್ಟಕವನ್ನೂ, ‘ವೇರ್’ ಎಂದು ನಿಬಂಧನೆಯನ್ನೂ ಹೇಳಿದರೆ ಪ್ರಶ್ನೆಯಾಯಿತು. ಹುಡುಕುವ ಬಗೆಯನ್ನು ಹೇಳಬೇಕಾಗಿಲ್ಲ. ಬೇಕಾದುದೇನೆಂಬುದನ್ನು ತಪ್ಪಿಲ್ಲದೆ ಹೇಳಬೇಕು.

ಕಷ್ಟವಿರುವುದು ಅಲ್ಲಿಯೇ. ಕಳೆದ ವರ್ಷ ಬಸ್ಸಿನ ಪಾಸಿಗಾಗಿ ಹೊರಊರಿನ ಹುಡುಗಿಯರ ಪಟ್ಟಿಯನ್ನು ತಯಾರಿಸುವಾಗ, ‘ಊರು ಸಂತಪುರವಲ್ಲದವರ ಹೆಸರು ಕೊಡು’ ಎಂದು ನಾವು ಗಣಕಯಂತ್ರವನ್ನು ಕೇಳಿದೆವು. ಚಿಂತಾಕಿ, ಠಾಣಾ ಕುಶನೂರಿನ ಮಕ್ಕಳ ಹೆಸರುಗಳು ಕ್ಷಣಮಾತ್ರದಲ್ಲಿ ಬಂದುವು, ನಾವೂ ಹಿಗ್ಗಿದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಸಂತಪುರದವರನ್ನೂ ಅಲ್ಲದವರನ್ನೂ ಕಾಗದದ ಮೇಲೆ ಕೂಡಿಸಿ, “ಅಕ್ಕಾವ್ರೇ, ಹನ್ನೊಂದು ಮಂದಿ ಕಡಿಮಿ ಬರ್ತಾರ್ರಿ” ಎಂದಳು. ಆ ಹನ್ನೊಂದು ಮಂದಿಯ ಊರಿನ ಕಾಲಮು ಖಾಲಿಯಿತ್ತು. ಈ ಭಾಷೆಯಲ್ಲಿ ಖಾಲಿಗೆ ‘ನಲ್’ ಎಂದು ಹೆಸರು. ಅದು ಸೊನ್ನೆಯೂ ಅಲ್ಲ, ‘ಇಲ್ಲ’ವೆಂಬುದೂ ಅಲ್ಲ, ತಿಳಿಯದು ಎಂದರ್ಥ. ತಿಳಿಯದ ಊರು ಸಂತಪುರವೆಂದಾಗಲಿ ಅಲ್ಲವೆಂದಾಗಲಿ ಹೇಳಲಾಗದ ಕಾರಣ, ಅವರು ಎರಡು ಉತ್ತರಗಳಲ್ಲಿಯೂ ಸೇರರು. ‘ಈಸ್ ನಲ್’ ಎಂದು ಅವರನ್ನು ಬೇರೆಯಾಗಿ ಕೇಳಬೇಕು. ಅವರೆಲ್ಲರೂ ಹೈದರಾಬಾದು, ಪುಣೆಗಳಿಗೆ ದುಡಿಯಹೋದ ತಂದೆತಾಯಿಗಳ ಮಕ್ಕಳು. ಬಂಧುಗಳ ಮನೆಯಿಂದ ಬರುವವರು. ಪಾಸು ಯಾರಿಗೆ ಮೊದಲು ಬೇಕಿತ್ತೋ ಅವರೇ. ಯಂತ್ರವು ತಪ್ಪಲಿಲ್ಲ, ನಾವು ತಪ್ಪಿದೆವು.

ಹೊಲಮನೆಯ ವಿಚಾರವೂ ಇದರಿಂದ ದೂರವಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಔರಾದದ ತಾಲೂಕು ಕಚೇರಿಯಲ್ಲಿ ತಾಯಿಯ ಪಕ್ಕದಲ್ಲಿ ನಿಂತ ಮಗಳು ಯಾವ ಕಾಲಮಿನಲ್ಲಿ ಯಾರ ಹೆಸರಿದೆ, ಯಾವುದು ಖಾಲಿಯಿದೆ ಎಂದು ನೋಡಬಲ್ಲವಳಾದರೆ ಅದು ಸಣ್ಣ ಲಾಭವೆ?

ವೆಚ್ಚದ ಮಾತನ್ನು ಕೆಲವರು ಎತ್ತುವರು. ಮೊದಲ ಎರಡು ತಿಂಗಳು ಗೆರೆಯೆಳೆದ ಕಾಗದವೇ ಸಾಕು. ಆ ಬಾಲೆಯು ತಪ್ಪನ್ನು ಹಿಡಿದುದೂ ಕಾಗದದ ಮೇಲೆಯೇ. ಅನಂತರ ಬೇಕಾಗುವ ಎಸ್‌ಕ್ಯೂಲೈಟ್ ಎಂಬುದು ಹಣವಿಲ್ಲದೆ ದೊರೆಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರ ಪುಸ್ತಕದಲ್ಲಿಯೂ ‘ಈಗಿನ ಊರು’, ‘ಉದ್ಯೋಗ’ ಎಂಬ ಕಾಲಮುಗಳು ಬಹುಮಟ್ಟಿಗೆ ಖಾಲಿಯಿವೆ. ಇದನ್ನು ಓದಿದವರು ತಮ್ಮ ದಾಖಲಾತಿ ಸಂಖ್ಯೆಯೊಡನೆ ಅವೆರಡನ್ನೂ ಬರೆದು ಕಳುಹಿಸಿದರೆ, ಈ ವರ್ಷದ ಎಂಟನೆಯ ತರಗತಿಗೆ ಅದೇ ಮೊದಲ ಕೋಷ್ಟಕವಾಗುವುದು.