ವಜ್ರ ಕೊಳ್ಳುವಾಗ ಬಿಲ್ ಕೇಳೋಕೆ ಸಂಕೋಚ ಯಾಕೆ?

ಅಮ್ಮನ ಬೆಂಡೋಲೆಯಲ್ಲಿ ಇರುವುದು ವಜ್ರವಲ್ಲ ಎಂದು ಗೊತ್ತಾದದ್ದು ನನ್ನ ಮೂರನೇ ವರ್ಷದ ಬಿಇ ಫೀಸು ಕಟ್ಟಬೇಕಿದ್ದ ವಾರದಲ್ಲಿ.

ಏಳು ಹರಳಿನ ಬೆಂಡೋಲೆ ಅದು. ಅಮ್ಮ ಹೊಲಿಗೆ ಮಷಿನ್ ತುಳಿದು, ಓಣಿಯ ಹೆಂಗಸರ ಜೊತೆ ಚೀಟಿ ಹಾಕಿ, ಆ ದುಡ್ಡಿನಲ್ಲಿ ಕೊಂಡದ್ದು. 80 ಸಾವಿರ ರೂಪಾಯಿ. ಕಷ್ಟಕಾಲಕ್ಕೆ ಇರಲಿ ಎಂದು ಕೊಂಡಿದ್ದರು. ಕಷ್ಟ ಬಂತು, ಬ್ಯಾಂಕಿಗೆ ಒಯ್ದೆವು. ಚಿನ್ನದ ಸಾಲ ಕೊಡುವಾಗ ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಲೆಕ್ಕ ಹಾಕುತ್ತಾರೆ ಎಂಬುದು ನಮಗೆ ತಿಳಿದದ್ದೇ ಅಲ್ಲಿ. ಅಷ್ಟು ಸಾಲ ಫೀಸಿಗೆ ಸಾಲುತ್ತಿರಲಿಲ್ಲ. ಮಾರಿಬಿಡೋಣವೆಂದು ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅವರು ಭೂತಗನ್ನಡಿ ಹಿಡಿದು ನೋಡಿದರು, ಒಳಗೆ ಒಯ್ದು ಪರೀಕ್ಷೆ ಮಾಡಿಕೊಂಡು ಬಂದರು. ‘ಚಿನ್ನ ಸರಿಯಾಗೇ ಐತೆ ಅಕ್ಕಾ. ಹರಳು ಮಾತ್ರ ವಜ್ರ ಅಲ್ಲ, ಮೊಯ್ಸನೈಟ್. ಅದಕ್ಕೆ ನಾವು ರೇಟ್ ಹಾಕಕ್ಕೆ ಬರಲ್ಲ’ ಎಂದರು. ಅಮ್ಮ ಏನೂ ಮಾತಾಡಲಿಲ್ಲ. ಓಲೆಯನ್ನು ಮತ್ತೆ ಕಿವಿಗೆ ಹಾಕಿಕೊಳ್ಳಲೂ ಇಲ್ಲ, ಕರ್ಚೀಫಿನಲ್ಲಿ ಕಟ್ಟಿಕೊಂಡರು.

ಇದರಲ್ಲಿ ನನ್ನ ಪಾಲೂ ಇದೆ. ಮೂರು ವರ್ಷದ ಹಿಂದೆ ಪರಿಚಯದವರು ಕಳಿಸಿದ ವ್ಯಾಪಾರಿಯೊಬ್ಬ ಮನೆಗೇ ಓಲೆ ತಂದಿದ್ದ. ಆಗ ನಾನು ಪಿಯುಸಿ ಸೈನ್ಸ್. ಅವನು ಪೆನ್ನಿನಂಥ ಡೈಮಂಡ್ ಟೆಸ್ಟರ್ ತೆಗೆದು ನನ್ನ ಕೈಗೇ ಕೊಟ್ಟ. ‘ನೀನೇ ಸೈನ್ಸ್ ಓದೋನು ತಮ್ಮಾ, ನೀನೇ ಚೆಕ್ ಮಾಡು’ ಎಂದ. ಹರಳಿಗೆ ತುದಿ ತಾಗಿಸಿದೆ. ಬೀಪ್ ಎಂದಿತು. ‘ಒರಿಜಿನಲ್ ಅಮ್ಮಾ’ ಎಂದು ಸರ್ಟಿಫಿಕೇಟ್ ಕೊಟ್ಟವನು ನಾನೇ.

ಆ ಬೀಪ್ ಸುಳ್ಳಲ್ಲ. ಅದರ ಅರ್ಥ ನನಗೆ ಗೊತ್ತಿರಲಿಲ್ಲ, ಅಷ್ಟೆ. ಸಾಮಾನ್ಯ ಟೆಸ್ಟರ್ ನೋಡುವುದು ಹರಳು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದನ್ನು. ವಜ್ರ ಈ ವಿಷಯದಲ್ಲಿ ತಾಮ್ರವನ್ನೂ ಮೀರಿಸುತ್ತದೆ. ಗಾಜು ಅಥವಾ ನಾವು ‘ಅಮೆರಿಕನ್ ಡೈಮಂಡ್’ ಎನ್ನುವ ಕ್ಯೂಬಿಕ್ ಜಿರ್ಕೋನಿಯಾ ಆಗಿದ್ದರೆ ಟೆಸ್ಟರ್ ಸುಮ್ಮನಿರುತ್ತದೆ. ಆದರೆ ಮೊಯ್ಸನೈಟ್ ಎಂದರೆ ಸಿಲಿಕಾನ್ ಕಾರ್ಬೈಡ್. ಎಲೆಕ್ಟ್ರಿಕ್ ಕಾರುಗಳ ಇನ್ವರ್ಟರ್‌ನಲ್ಲಿ ಬಳಸುತ್ತಾರೆಂದು ನಾವು ಎಲೆಕ್ಟ್ರಾನಿಕ್ಸ್ ಹುಡುಗರು ಕ್ಲಾಸಿನಲ್ಲಿ ಓದುವ ಅದೇ ವಸ್ತು. ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ ಎನ್ನುವುದೇ ಅದರ ಹೆಗ್ಗಳಿಕೆ. ಹಾಗಾಗಿ ಶಾಖದ ಟೆಸ್ಟರ್ ಅದನ್ನೂ ವಜ್ರವೆಂದೇ ಹೇಳುತ್ತದೆ. ವಿದ್ಯುತ್ ವಹನವನ್ನೂ ನೋಡುವ ಟೆಸ್ಟರ್‌ಗಳಿವೆ, ಅವು ಹೆಚ್ಚಿನ ಸಲ ಮೊಯ್ಸನೈಟನ್ನು ಹಿಡಿಯುತ್ತವೆ. ನನ್ನ ಕೈಗೆ ಬಂದದ್ದು ಯಾವುದು ಎಂದು ನಾನು ಕೇಳಲೇ ಇಲ್ಲ.

ಮೊಬೈಲ್‌ನಲ್ಲಿ ಹರಿದಾಡುವ ಮನೆ ಪರೀಕ್ಷೆಗಳ ಕಥೆಯೂ ಇದೇ. ಹರಳಿನ ಮೇಲೆ ಉಸಿರು ಬಿಟ್ಟರೆ ಮಂಜು ತಕ್ಷಣ ಆರಬೇಕು ಅನ್ನುತ್ತಾರೆ. ಮೊಯ್ಸನೈಟ್ ಮೇಲೂ ಬೇಗ ಆರುತ್ತದೆ. ನೀರಿಗೆ ಹಾಕಿದರೆ ಮುಳುಗಬೇಕು ಅನ್ನುತ್ತಾರೆ. ಗಾಜೂ ಮುಳುಗುತ್ತದೆ. ಇಂಥ ಪರೀಕ್ಷೆ ಮಾಡಿದವರಿಗೆ ಸಿಗುವುದು ಧೈರ್ಯ ಮಾತ್ರ, ಉತ್ತರ ಅಲ್ಲ.

ನಮ್ಮನ್ನು ನಂಬಿಸಿದ ಇನ್ನೊಂದು ಸಂಗತಿ ಹಾಲ್‌ಮಾರ್ಕ್. ‘ಗೌರ್ಮೆಂಟ್ ಸೀಲ್ ಇದೆ ನೋಡಿ’ ಎಂದಿದ್ದ. ಸೀಲ್ ನಿಜವಾಗಿಯೂ ಇತ್ತು. ಬಿಐಎಸ್ ಗುರುತು, ಪಕ್ಕದಲ್ಲಿ 18 ಕ್ಯಾರೆಟ್‌ನ 750, ಆಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಆದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು. ಅದೇ ಒಡವೆಯಲ್ಲಿ ಕೂರಿಸಿದ ಹರಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕ್ಯಾರೆಟ್ ಎಂಬ ಪದದಲ್ಲೂ ಇಂಥದ್ದೇ ಗೊಂದಲ. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದ ಕ್ಯಾರೆಟ್ ತೂಕ. 1 ಕ್ಯಾರೆಟ್ ಅಂದರೆ 0.2 ಗ್ರಾಂ.

ಈಗ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಗಳೂ ಅಂಗಡಿಗಳಿಗೆ ಬಂದಿವೆ. ಇವು ನಕಲಿಯಲ್ಲ. ಗಣಿಯಲ್ಲಿ ಸಿಗುವ ವಜ್ರದಂತೆ ಇವೂ ಇಂಗಾಲದ ಹರಳುಗಳೇ, ಅಷ್ಟೇ ಗಟ್ಟಿ, ಅಷ್ಟೇ ಹೊಳಪು. ಬೆಲೆ ಮಾತ್ರ ಬಹಳ ಕಡಿಮೆ. ‘ಲ್ಯಾಬ್‌ನದು’ ಎಂದು ಹೇಳಿ ಮಾರಿದರೆ ಅದು ವ್ಯಾಪಾರ. ಹೇಳದೆ ಗಣಿಯ ವಜ್ರದ ಬೆಲೆ ತೆಗೆದುಕೊಂಡರೆ ಮೋಸ. ಇದನ್ನು ಕಣ್ಣೂ ಹಿಡಿಯಲಾರದು, ಪೆನ್ ಟೆಸ್ಟರೂ ಹಿಡಿಯಲಾರದು. ಪ್ರಯೋಗಾಲಯದ ಉಪಕರಣಗಳೇ ಬೇಕು.

ಹಾಗಾದರೆ ನಮ್ಮಂಥವರು ಏನು ಮಾಡಬೇಕು? ಹರಳನ್ನು ಪರೀಕ್ಷೆ ಮಾಡುವ ಹುಮ್ಮಸ್ಸು ಬಿಟ್ಟು ಕಾಗದವನ್ನು ಪರೀಕ್ಷೆ ಮಾಡಬೇಕು. ಒಂದೇ ದೊಡ್ಡ ಹರಳಿನ ಉಂಗುರವಾದರೆ ಜಿಐಎ, ಐಜಿಐನಂಥ ಪ್ರಯೋಗಾಲಯದ ವರದಿ ಕೇಳಬೇಕು. ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ಜಾಲತಾಣದಲ್ಲಿ ನಾವೇ ಟೈಪ್ ಮಾಡಿ ನೋಡಬೇಕು. ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ನಂಬಬೇಡಿ, ಅದು ಎಲ್ಲಿಗಾದರೂ ಕರೆದೊಯ್ಯಬಹುದು. ಎಷ್ಟೋ ಹರಳುಗಳ ಅಂಚಿನಲ್ಲಿ ಅದೇ ಸಂಖ್ಯೆಯನ್ನು ಲೇಸರ್‌ನಿಂದ ಕೊರೆದಿರುತ್ತಾರೆ. ಭೂತಗನ್ನಡಿಯಲ್ಲಿ ತೋರಿಸಿ ಎಂದರೆ ತೋರಿಸುತ್ತಾರೆ. ಬೆಂಡೋಲೆ, ಮೂಗುಬೊಟ್ಟಿನ ಸಣ್ಣ ಹರಳುಗಳಿಗೆ ಸಾಮಾನ್ಯವಾಗಿ ಬಿಡಿಬಿಡಿಯಾಗಿ ವರದಿ ಇರುವುದಿಲ್ಲ. ಇಡೀ ಒಡವೆಗೆ ಒಂದು ವರದಿ ಕೊಡುತ್ತಾರೆ. ಚಿನ್ನದ ಎಚ್‌ಯುಐಡಿಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅಂಗಡಿಯಲ್ಲಿ ನಿಂತೇ ನೋಡಬಹುದು.

ಎಲ್ಲಕ್ಕಿಂತ ಮುಖ್ಯ ಬಿಲ್. ಅದರಲ್ಲಿ ‘ಡೈಮಂಡ್ ಓಲೆ 1 ಜೊತೆ’ ಎಂದಿದ್ದರೆ ಸಾಲದು. ವಜ್ರ ಗಣಿಯದೋ ಲ್ಯಾಬ್‌ನದೋ, ಹರಳು ಎಷ್ಟು, ಒಟ್ಟು ಎಷ್ಟು ಕ್ಯಾರೆಟ್, ಬಣ್ಣ ಮತ್ತು ಸ್ಪಷ್ಟತೆಯ ದರ್ಜೆ ಯಾವುದು ಎಂದು ಬರೆದಿರಬೇಕು. ಹರಳಿನ ತೂಕ ಕಳೆದು ಚಿನ್ನದ ನಿವ್ವಳ ತೂಕ ಬೇರೆ ಬರೆದಿರಬೇಕು. ಇಲ್ಲದಿದ್ದರೆ ಹರಳಿಗೂ ಚಿನ್ನದ ದರ ಕೊಟ್ಟು ಬರುತ್ತೇವೆ. ವಾಪಸ್ ಕೊಟ್ಟರೆ ವಜ್ರಕ್ಕೆ ಶೇಕಡಾ ಎಷ್ಟು ಸಿಗುತ್ತದೆ ಎಂಬುದೂ ಬರಹದಲ್ಲಿರಲಿ. ಚಿನ್ನಕ್ಕಿರುವಂತೆ ವಜ್ರಕ್ಕೆ ಪೇಪರಿನಲ್ಲಿ ಬರುವ ದಿನದ ದರ ಇಲ್ಲ.

ನಮ್ಮ ಮನೆಯಲ್ಲಿದ್ದದ್ದು ಒಂದು ಎಸ್ಟಿಮೇಟ್ ಚೀಟಿ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂದಿದ್ದ. ಒಡವೆಗೆ ಜಿಎಸ್‌ಟಿ ಶೇಕಡಾ 3. ಅಂದರೆ 80 ಸಾವಿರಕ್ಕೆ 2,400 ರೂಪಾಯಿ. ಅಷ್ಟು ಉಳಿಸಿದೆವು. ಈಗ ಹುಡುಕಿಕೊಂಡು ಹೋದರೆ ಅವನು ಕೇಳುವುದು ಒಂದೇ, ‘ನಾನು ಕೊಟ್ಟಿದ್ದು ಅನ್ನೋಕೆ ಬಿಲ್ ಎಲ್ಲಿದೆ?’ ಬಿಲ್ ಇದ್ದವರಿಗೆ ದಾರಿಗಳಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು, ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ನಮ್ಮ ಚೀಟಿಯಲ್ಲಿ ಅವನ ಹೆಸರು ಕೂಡ ಇಲ್ಲ.

‘ಪರಿಚಯದವರ ಹತ್ತಿರ ಇಷ್ಟೆಲ್ಲ ಕೇಳಿದರೆ ಬೇಜಾರು ಮಾಡ್ಕೋತಾರೆ’ ಎಂದು ಅಮ್ಮ ಅಂದು ಹೇಳಿದ್ದರು. ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ತಲೆಮಾರುಗಳಿಂದ ಬಾಯಿಮಾತಿನ ಮೇಲೆಯೇ ವ್ಯವಹಾರ ಮಾಡಿ ಒಂದು ಕಲ್ಲೂ ಹೆಚ್ಚುಕಡಿಮೆ ಮಾಡದ ಅಕ್ಕಸಾಲಿಗರು ಎಷ್ಟೋ ಊರುಗಳಲ್ಲಿದ್ದಾರೆ, ಒಪ್ಪುತ್ತೇನೆ. ಆದರೆ ಪ್ರಾಮಾಣಿಕ ವ್ಯಾಪಾರಿಗೆ ಬಿಲ್ ಬರೆದುಕೊಡುವುದರಿಂದ ನಷ್ಟವೇನೂ ಇಲ್ಲ. ನಮ್ಮ ಸಂಕೋಚದಿಂದ ಲಾಭ ಆಗುವುದು ಮೋಸಗಾರನಿಗೆ ಮಾತ್ರ. ಎರಡು ಸಾವಿರದ ಇಯರ್‌ಫೋನ್ ಕೊಳ್ಳುವಾಗ ವಾರಂಟಿ ಕಾರ್ಡ್ ಕೇಳುವ ನಾವು, ಮನೆಯವರ ಹತ್ತು ವರ್ಷದ ಉಳಿತಾಯ ಕೊಡುವಾಗ ಸುಮ್ಮನಾಗುತ್ತೇವೆ. ಮನೆಯಲ್ಲಿ ನಾಲ್ಕಕ್ಷರ ಓದಿದವರು ನಾವೇ. ಆ ಪ್ರಶ್ನೆಯನ್ನು ಅಮ್ಮಂದಿರ ಪರವಾಗಿ ಕೇಳಬೇಕಾದವರೂ ನಾವೇ.

ಅಮೆರಿಕನ್ ಡೈಮಂಡ್ ಹಾಕಿಕೊಳ್ಳುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮೊಯ್ಸನೈಟ್ ಕೂಡ ಚೆಂದದ ಹರಳೇ. ಅದರದೇ ಹೆಸರಿನಲ್ಲಿ, ಅದರದೇ ಬೆಲೆಗೆ ಕೊಟ್ಟಿದ್ದರೆ ಅಮ್ಮ ಅದನ್ನೂ ಖುಷಿಯಿಂದ ಹಾಕಿಕೊಳ್ಳುತ್ತಿದ್ದರು.

ಓಲೆಯ ಚಿನ್ನಕ್ಕೆ ಬಂದ ಹಣಕ್ಕೆ ಸೋದರಮಾವ ಕೊಟ್ಟ ಕೈಸಾಲ ಸೇರಿಸಿ ಫೀಸು ಕಟ್ಟಿದೆವು. ಮುಂದಿನ ವರ್ಷ ನಮ್ಮ ಬ್ಯಾಚಿನ ಪ್ಲೇಸ್‌ಮೆಂಟ್. ಮೊದಲ ಸಂಬಳದಲ್ಲಿ ಅಮ್ಮನಿಗೆ ಏನಾದರೂ ಕೊಡಿಸಬೇಕು ಎಂಬ ಆಸೆ ನಿಮ್ಮಲ್ಲೂ ಅನೇಕರಿಗೆ ಇರುತ್ತದೆ. ‘ಹರಳಿನ ಸಹವಾಸ ಸಾಕಪ್ಪ’ ಅನ್ನುತ್ತಾರೆ ಅಮ್ಮ. ನಾನು ಮೊದಲು ಮಾವನ ಸಾಲ ತೀರಿಸಬೇಕು. ಆಮೇಲೆ ಬೆಂಡೋಲೆ. ಈ ಸಲ ಟೆಸ್ಟರ್ ಕೈಗೆ ಕೊಟ್ಟರೆ ಪಕ್ಕಕ್ಕಿಟ್ಟು ಮೊದಲು ಬಿಲ್ ಬರೆಯಿರಿ ಎನ್ನುತ್ತೇನೆ.